ಕೇಳದೆ ಬಿಟ್ಟ ಮಾತು

"ಸಿ.ಟಿ., ಮೇಡಂ," ಅಂದುಬಿಟ್ಟ ಕ್ವಾನ್-ಯು, ಕೈಯಲ್ಲಿದ್ದ ಚೀಟಿಯನ್ನು ಪೂರ್ತಿ ಓದುವ ಮೊದಲೇ.

ಡಾಕ್ಟರ್ ಶು-ಚಿನ್ ಕನ್ನಡಕವನ್ನು ಹಣೆಗೇರಿಸಿಕೊಂಡು ಅವನ ಕಡೆ ನೋಡಿದಳು. "ಚೀಟೀಲಿ ಏನಿದೆ ಅಂತ ಎಲ್ಲರಿಗೂ ಕೇಳೋ ಹಾಗೆ ಓದಪ್ಪ."

"ನಲವತ್ತು ವರ್ಷದ ಗಂಡಸು. ಎರಡು ದಿನದಿಂದ ಸೊಂಟ ನೋವು. ಅನಾನಸ್ ಬುಟ್ಟಿ ಎತ್ತಿದ ಮೇಲೆ ಶುರುವಾಗಿದ್ದು. ಜ್ವರ ಇಲ್ಲ. ಕಾಲು ಜೋಮು ಹಿಡಿದಿಲ್ಲ. ಮೂತ್ರಕ್ಕೆ ತೊಂದರೆ ಇಲ್ಲ..." ಓದುತ್ತ ಹೋದ ಹಾಗೆ ಅವನ ದನಿ ತಗ್ಗುತ್ತ ಬಂತು.

"ಈಗ ಹೇಳು. ಆ ಯಂತ್ರದ ಹತ್ರ ಏನಂತ ಕೇಳ್ತೀಯ?"

"ಅನಾನಸ್ ಎಷ್ಟು ಕಿಲೋ ಇತ್ತು ಅಂತ," ಎಂದು ಹಿಂದಿನಿಂದ ಯಾರೋ ಅಂದರು. ಕೋಣೆಯ ಏಳು ಜನರಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು.

"ನಗಬೇಡ್ರೋ," ಅಂದ ಕ್ವಾನ್-ಯು. "ಮೇಡಂ, ಆಸ್ಪತ್ರೆಯೊಳಗೆ ಅನಾನಸ್ ಹೆಸರು ಎತ್ತಬಾರದು. ಸಂಜೆ ತುರ್ತು ವಿಭಾಗದಲ್ಲಿ ಡ್ಯೂಟಿ ನಂದು. ಆ ಹೆಸರು ನಮ್ಮ ಮಾತಲ್ಲಿ 'ವ್ಯಾಪಾರ ಜೋರಾಗಿ ಬರಲಿ' ಅಂದ ಹಾಗೆ ಕೇಳುತ್ತೆ, ಎತ್ತಿದ್ರೆ ರೋಗಿಗಳು ಲಾರಿ ಲೋಡಲ್ಲಿ ಬಂದಿಳೀತಾರೆ."

"ಬರಲಿ. ಬಂದವರಿಗೆಲ್ಲ ಸಿ.ಟಿ. ಬರೀಬೇಡ, ಅಷ್ಟೇ. ಈ ಮನುಷ್ಯನಿಗೆ ಏನು ಬರೀತೀಯ?"

ಕ್ವಾನ್-ಯು ತಲೆ ಕೆರೆದುಕೊಂಡ. "ಏನೂ ಇಲ್ಲ. ನೋವಿನ ಮಾತ್ರೆ ಕೊಟ್ಟು, ಕಡಿಮೆ ಆಗದಿದ್ರೆ ಮತ್ತೆ ಬನ್ನಿ ಅಂತೀನಿ."

"ಇಷ್ಟು ದೊಡ್ಡ ಆಸ್ಪತ್ರೇಲಿ ಒಂದು ಫೋಟೋನೂ ತೆಗೀಲಿಲ್ಲ ಅಂತ ಅವನು ಜಗಳಕ್ಕೆ ನಿಂತರೆ?"

"ನೆಲಮಾಳಿಗೇಲಿ ಶು-ಚಿನ್ ಮೇಡಂ ಇದ್ದಾರೆ, ಅವರನ್ನ ಕೇಳಿ ಅಂತೀನಿ."

ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ, ಚಿಯಾಯಿ ಊರಿನ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆರನೇ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ಸ್ಕ್ಯಾನ್ ವಿಭಾಗದ ವೈದ್ಯೆ ಶು-ಚಿನ್ ಈ ಪಾಠ ಮಾಡುತ್ತಿದ್ದಳು. ಯಾವ ರೋಗಿಗೆ ಎಕ್ಸ್‌ರೇ, ಯಾರಿಗೆ ಅಲ್ಟ್ರಾಸೌಂಡ್, ಯಾರಿಗೆ ಸಿ.ಟಿ., ಯಾರಿಗೆ ಏನೂ ಬೇಡ ಎನ್ನುವ ಪಾಠ. ಅದಕ್ಕೆ ಅವಳು ಪುಸ್ತಕ ಹಿಡಿಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಚೀಟಿಯಲ್ಲಿ ಒಬ್ಬ ರೋಗಿ. ಯಾವ ಪರೀಕ್ಷೆ ಅಂತ ಹೇಳುವ ಮೊದಲು, ಆ ಪರೀಕ್ಷೆಯಿಂದ ತಿಳಿಯಬೇಕಾದ್ದು ಏನು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಎಷ್ಟೋ ಸಲ ಆ ವಾಕ್ಯ ಹೊಂದಿಸಲಾಗದೆ ಒದ್ದಾಡುತ್ತಿದ್ದ ಹುಡುಗರು, ಪರೀಕ್ಷೆಯೇ ಬೇಕಿಲ್ಲ ಎನ್ನುವುದನ್ನು ತಾವೇ ಕಂಡುಕೊಳ್ಳುತ್ತಿದ್ದರು. ಆಗ ಅವರ ಮುಖದಲ್ಲಿ ಮೂಡುವ ಪೆಚ್ಚುನಗೆ ಅವಳಿಗೆ ಇಷ್ಟ.

"ಪೇಯ್-ನಿಂಗ್, ನಿನ್ನದು?"

ಮೂಲೆಯಲ್ಲಿ ಕೂತಿದ್ದ ತೆಳ್ಳಗಿನ ಹುಡುಗಿ ಚೀಟಿ ಬಿಚ್ಚಿದಳು. ಅದನ್ನು ಒಮ್ಮೆ ಮುಚ್ಚಿ ಮತ್ತೆ ಬಿಚ್ಚಿದಳು.

"ಇಪ್ಪತ್ತೆಂಟು ವರ್ಷದ ಹೆಂಗಸು," ಅಂದಳು ಕೊನೆಗೆ. "ಬಲಗಡೆ ಕಿಬ್ಬೊಟ್ಟೆ ನೋವು."

"ಅಪೆಂಡಿಕ್ಸು, ಅಪೆಂಡಿಕ್ಸು," ಎಂದು ಪಕ್ಕದವನು ಪಿಸುಗುಟ್ಟಿದ.

"ನಿನ್ನನ್ನ ಕೇಳಲಿಲ್ಲ. ನೀನು ಹೇಳಮ್ಮ. ಮೊದಲು ಏನು ಮಾಡ್ತೀಯ?"

"ಮುಟ್ಟು ಯಾವಾಗ ಆಗಿತ್ತು ಅಂತ ಕೇಳ್ತೀನಿ. ಮನೆಯವರನ್ನ ಆಚೆ ಕಳಿಸಿ ಕೇಳ್ತೀನಿ. ಏನು ಹೇಳಿದ್ರೂ ಮೂತ್ರ ಪರೀಕ್ಷೆ ಮಾಡಿಸ್ತೀನಿ, ಬಸುರಿ ಹೌದೋ ಅಲ್ವೋ ಅಂತ. ಆಮೇಲೆ ಅಲ್ಟ್ರಾಸೌಂಡ್. ಅದರಲ್ಲಿ ತಿಳೀದಿದ್ರೆ ಮಾತ್ರ ಮುಂದಿನದು."

ಇಷ್ಟು ಸರಿಯಾದ ಉತ್ತರ ಆ ವರ್ಷ ಯಾರೂ ಹೇಳಿರಲಿಲ್ಲ. ಶು-ಚಿನ್ "ಭೇಷ್" ಅನ್ನಬೇಕೆನ್ನುವಷ್ಟರಲ್ಲಿ ನೋಡುತ್ತಾಳೆ, ಹುಡುಗಿ ಚೀಟಿಯನ್ನು ನಾಲ್ಕಾಗಿ, ಎಂಟಾಗಿ ಮಡಚುತ್ತಿದ್ದಾಳೆ. ಕಣ್ಣಲ್ಲಿ ನೀರು ನಿಂತಿದೆ.

ತರಗತಿ ಮುಗಿದು ಎಲ್ಲರೂ ಹೋದ ಮೇಲೂ ಪೇಯ್-ನಿಂಗ್ ಕುರ್ಚಿ ಬಿಟ್ಟು ಏಳಲಿಲ್ಲ.

"ಮೇಡಂ, ಕೇಳದೆ ಸಿ.ಟಿ. ತೆಗೆದುಬಿಟ್ಟಿದ್ರೆ? ಆಮೇಲೆ ಬಸುರಿ ಅಂತ ಗೊತ್ತಾದ್ರೆ? ಆಗ ಏನು ಮಾಡ್ಬೇಕು?"

"ಯಾರಿಗೆ ತೆಗೆದ್ರಿ?"

ಹುಡುಗಿ ಎಲ್ಲವನ್ನೂ ಹೇಳಿದಳು. ಮೂರು ವಾರದ ಹಿಂದೆ ತುರ್ತು ವಿಭಾಗದಲ್ಲಿ ಅವಳ ಡ್ಯೂಟಿ. ತುಂಗ್-ಶಿ ಬಂದರಿನ ಕಡೆಯಿಂದ ಯಿ-ರುಂಗ್ ಅನ್ನುವವಳು ಹೊಟ್ಟೆ ಹಿಡಿದುಕೊಂಡು ಬಂದಿದ್ದಳು. ಜೊತೆಗೆ ಅತ್ತೆ. ಗದ್ದಲವೋ ಗದ್ದಲ. ಸ್ಕ್ಯಾನಿನ ಅರ್ಜಿ ತುಂಬುವಾಗ 'ಗರ್ಭಿಣಿಯೇ?' ಎನ್ನುವ ಸಾಲು ಬಂದಿತ್ತು. ಅತ್ತೆಯ ಎದುರಿಗೆ ಕೇಳಲು ಸಂಕೋಚವಾಗಿ ಪೇಯ್-ನಿಂಗ್ 'ಇಲ್ಲ' ಎಂಬಲ್ಲಿ ತಾನೇ ಗುರುತು ಹಾಕಿದ್ದಳು. ಮೇಲಿನ ಡಾಕ್ಟರು ನೋಡದೆ ಸಹಿ ಹಾಕಿದರು. ಸ್ಕ್ಯಾನಿನಲ್ಲಿ ಅಪೆಂಡಿಕ್ಸ್ ಸರಿಯಾಗಿತ್ತು. ಮಾತ್ರೆ ಕೊಟ್ಟು ಕಳಿಸಿದರು. ಈಗ ನೋಡಿದರೆ ಅವಳು ಏಳು ವಾರದ ಬಸುರಿ. ಸ್ಕ್ಯಾನ್ ಆಗಿದೆ ಅಂತ ಕೇಳಿ ಅವರೂರಿನ ಯಾವುದೋ ಚಿಕಿತ್ಸಾಲಯದವರು, ಸುಮ್ಮನೆ ಯಾಕೆ ಅಪಾಯ, ತೆಗೆಸಿಬಿಡಿ ಅಂದಿದ್ದಾರೆ.

"ನಿನಗೆ ಯಾರು ಹೇಳಿದ್ರು ಇದನ್ನ?"

"ಅವಳೇ ಫೋನ್ ಮಾಡಿದ್ಲು. ಅವತ್ತು ಭಯ ಪಡಬೇಡಿ ಅಂತ ನನ್ನ ನಂಬರ್ ಕೊಟ್ಟಿದ್ದೆ. 'ನೀವು ಅವತ್ತು ನನ್ನನ್ನ ಯಾಕೆ ಕೇಳಲಿಲ್ಲ?' ಅಂದಳು. ಬೈಲಿಲ್ಲ ಮೇಡಂ. ಸುಮ್ಮನೆ ಕೇಳಿದಳು. ಅಷ್ಟರಲ್ಲಿ ಅವಳತ್ತೆ ಫೋನ್ ಕಿತ್ಕೊಂಡು ಕಟ್ ಮಾಡಿದ್ರು. ಶನಿವಾರ ತೆಗೆಸ್ತಾರಂತೆ."

ಶು-ಚಿನ್ ಕಂಪ್ಯೂಟರಿನ ಕಡೆ ತಿರುಗಿ ಹೆಸರು ಹಾಕಿದಳು. ಕಪ್ಪು ಪರದೆಯ ಮೇಲೆ ಯಿ-ರುಂಗ್‌ಳ ಹೊಟ್ಟೆಯೊಳಗಿನ ಬಿಳಿ-ಬೂದು ಚಿತ್ರ ಬಂತು. ಅಪೆಂಡಿಕ್ಸ್ ಸಣ್ಣಗೆ, ಸರಿಯಾಗಿಯೇ ಇತ್ತು. ಬಲಗಡೆ ಅಂಡಾಶಯದಲ್ಲಿ ದ್ರಾಕ್ಷಿ ಗಾತ್ರದ ಒಂದು ನೀರುಗುಳ್ಳೆ. ಬಸಿರು ಕಟ್ಟಿದಾಗ ಅಲ್ಲಿ ಇಂಥದೊಂದು ಗುಳ್ಳೆ ಇರುತ್ತದೆ, ಕೆಲವರಿಗೆ ಅದೇ ನೋಯುತ್ತದೆ. ಗರ್ಭಕೋಶದ ಒಳಪದರ ಚೆನ್ನಾಗಿ ದಪ್ಪಗಾಗಿತ್ತು. ನೋಡುವ ಕಣ್ಣಿಗೆ ಎಲ್ಲ ಸುಳಿವೂ ಅಲ್ಲೇ ಇತ್ತು. ಕೆಳಗೆ ವರದಿ: 'ಅಂಡಾಶಯದಲ್ಲಿ ಸಾಮಾನ್ಯ ಗುಳ್ಳೆ. ಬೇರೇನೂ ವಿಶೇಷವಿಲ್ಲ.' ಅದರ ಕೆಳಗೆ ವರದಿ ಬರೆದ ವೈದ್ಯರ ಹೆಸರು.

ಅದು ಅವಳದೇ ಹೆಸರು.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಅರವತ್ತೋ ಎಪ್ಪತ್ತೋ ಚಿತ್ರ ನೋಡಿದ್ದ ದಿನವಿರಬೇಕು. ಈ ಹೆಂಗಸಿನ ಮೇಲೆ ಎರಡು ನಿಮಿಷ ಕಳೆದಿರಬೇಕು. ಒಂದು ಫೋನ್ ಮಾಡಿ, ಮೂತ್ರ ಪರೀಕ್ಷೆ ಆಗಿದೆಯೇನ್ರಪ್ಪಾ ಅಂತ ಕೇಳಿದ್ದರೆ ಆಗುತ್ತಿತ್ತು.

"ನೀನೊಬ್ಬಳೇ ಅಲ್ಲ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ. "ನಾನೂ ಕೇಳಲಿಲ್ಲ."

*

ಈ ಪಾಠ ಶು-ಚಿನ್‌ಗೆ ಪುಸ್ತಕದಿಂದ ಬಂದದ್ದಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಇನ್ನೂ ಕಲಿಯುತ್ತಿದ್ದ ಕಾಲದಲ್ಲಿ, ಅವಳಿಗೆ ಬೆನ್ನಿನ ಎಡಗಡೆ ತಡೆಯಲಾರದ ನೋವು ಬಂದಿತ್ತು. ಮೂತ್ರಪಿಂಡದಲ್ಲಿ ಕಲ್ಲು. ಆಗಿನ ರೂಢಿಯಂತೆ ರಕ್ತನಾಳಕ್ಕೆ ಔಷಧಿ ಕೊಟ್ಟು ಸಾಲಾಗಿ ಏಳು ಎಕ್ಸ್‌ರೇ ತೆಗೆದರು. ಎರಡು ವಾರ ಕಳೆದ ಮೇಲೆ ಬಸುರಿ ಎಂದು ತಿಳಿಯಿತು.

ಗಂಡ ಕುವೊ-ತುಂಗ್ ಶಸ್ತ್ರವೈದ್ಯ. ಕೆಟ್ಟವನಲ್ಲ. "ನಾವಿನ್ನೂ ಚಿಕ್ಕವರು. ಅನುಮಾನ ಇಟ್ಕೊಂಡು ಒಂಬತ್ತು ತಿಂಗಳು ಯಾಕೆ ಒದ್ದಾಡ್ಬೇಕು? ಮುಂದಿನ ಸಲ ಎಲ್ಲ ಸರಿಯಾಗಿ ಆಗಲಿ," ಅಂದ. ಅವನ ಅಮ್ಮನೂ ಅದನ್ನೇ ಅಂದಳು. ಶು-ಚಿನ್ ಗ್ರಂಥಾಲಯಕ್ಕೆ ಹೋಗಿ ಲೆಕ್ಕ ಹಾಕಿದಳು. ಮಗುವಿಗೆ ತಾಗಿದ ವಿಕಿರಣ, ಹಾನಿ ಶುರುವಾಗುವ ಮಟ್ಟದ ಹತ್ತಿರಕ್ಕೂ ಹೋಗಿರಲಿಲ್ಲ. ಅದು ಅವಳಿಗೆ ಗೊತ್ತಾಯಿತು. ಪುಸ್ತಕ ಮುಚ್ಚಿ ಜಾಗಕ್ಕಿಟ್ಟು ಮನೆಗೆ ಬಂದಳು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದಾಗ ಎಲ್ಲರೂ ತನ್ನ ಮುಖ ನೋಡುತ್ತಾರೆ ಅನ್ನಿಸಿತು. ಕಾಗದಕ್ಕೆ ಸಹಿ ಹಾಕಿದಳು.

ಮುಂದಿನ ಸಲ ಬರಲಿಲ್ಲ. ಆರು ವರ್ಷ ಕಾದು, ಎಲ್ಲ ಚಿಕಿತ್ಸೆ ಮುಗಿಸಿ, ಜಗಳವೂ ಇಲ್ಲದೆ ಬೇರೆಯಾದರು. ಕುವೊ-ತುಂಗ್‌ಗೆ ಈಗ ತಾಯ್‌ಚುಂಗ್‌ನಲ್ಲಿ ಇಬ್ಬರು ಮಕ್ಕಳು. ಹೊಸ ವರ್ಷಕ್ಕೆ ಶುಭಾಶಯ ಕಳಿಸುತ್ತಾನೆ.

ಅವಳಿಗೆ ಉಳಿದದ್ದು ಎಣಿಕೆ. ಹುಟ್ಟಿದ್ದರೆ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಹಂದಿಯ ವರ್ಷದಲ್ಲಿ ಹುಟ್ಟಬೇಕಿತ್ತು, ಮೇ ತಿಂಗಳ ಕೊನೆಗೆ. ಈ ವರ್ಷ ಶಾಲೆಗೆ ಸೇರುತ್ತಿತ್ತು, ಈ ವರ್ಷ ಮೀಸೆ ಚಿಗುರುತ್ತಿತ್ತು, ಇಲ್ಲ ಜಡೆ ಕತ್ತರಿಸಿಕೊಂಡು ಬರುತ್ತಿತ್ತು ಎಂದು ಮನಸ್ಸು ತಾನಾಗಿ ಎಣಿಸಿಕೊಂಡು ಹೋಗುತ್ತಿತ್ತು. ಬಸ್ಸಿನಲ್ಲಿ ಆ ವಯಸ್ಸಿನ ಮಗು ಕಂಡರೆ ಎರಡು ನಿಲ್ದಾಣ ಮುಂದೆ ಹೋಗಿ ಇಳಿದದ್ದುಂಟು. ಈ ಸೆಪ್ಟೆಂಬರಿನಲ್ಲಿ ಹೊಸ ತಂಡದ ಹೆಸರುಪಟ್ಟಿ ಕೈಗೆ ಬಂದಾಗ ಹುಟ್ಟಿದ ದಿನಾಂಕಗಳ ಮೇಲೆ ಕಣ್ಣಾಡಿಸಿ, ಪಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಚಹಾ ಕುಡಿದು ಬಂದಿದ್ದಳು. ಏಳರಲ್ಲಿ ಐವರು ಹಂದಿಯ ವರ್ಷದವರು. ಅಂದಿನಿಂದ ಗುರುವಾರಗಳಿಗಾಗಿ ಅವಳು ಕಾಯುತ್ತಿದ್ದಳು. ಕ್ವಾನ್-ಯು ಎದುರು ಮಾತಾಡಿದರೂ ಸಿಟ್ಟು ಬರುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಇನ್ನೊಂದು ಚೀಟಿ ಇದೆ ಅಂತ ಸುಳ್ಳೇ ಹತ್ತು ನಿಮಿಷ ಕೂರಿಸಿಕೊಳ್ಳುತ್ತಿದ್ದಳು.

*

ವಿಭಾಗದ ಮುಖ್ಯಸ್ಥರು ವಿಷಯ ಕೇಳಿ ಬಾಗಿಲು ಹಾಕಿದರು. "ಕಾನೂನು ವಿಭಾಗಕ್ಕೆ ಹೇಳೋಣ. ಅವರು ಒಂದು ಪತ್ರ ಬರೀತಾರೆ. ನೀವಾಗಿ ಹೋಗಿ ತಪ್ಪು ಒಪ್ಕೋಬೇಡಿ. ನಾಳೆ ಪತ್ರಿಕೆಯವರು ಬಂದು ನಿಂತ್ಕೋತಾರೆ."

"ಪತ್ರ ಯಾವಾಗ ಹೋಗುತ್ತೆ?"

"ಮುಂದಿನ ವಾರ."

"ಅವರು ಶನಿವಾರ ತೆಗೆಸ್ತಾರೆ ಸಾರ್."

ಮುಖ್ಯಸ್ಥರು ಅವಳ ಮುಖ ನೋಡದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ನಾನು ಹೇಳೋದು ಹೇಳಿದೀನಿ."

ಶುಕ್ರವಾರ ಮಧ್ಯಾಹ್ನ ಶು-ಚಿನ್ ತನ್ನ ಹಳೆಯ ಕಾರು ತೆಗೆದಳು. ಪಕ್ಕದಲ್ಲಿ ಪೇಯ್-ನಿಂಗ್. ಸ್ಕ್ಯಾನ್ ಯಂತ್ರದಲ್ಲಿ ದಾಖಲಾಗಿದ್ದ ಅಂಕಿಗಳಿಂದ ಬೆಳಿಗ್ಗೆಯೇ ಲೆಕ್ಕ ಹಾಕಿ, ವಿಕಿರಣ ತಜ್ಞರಿಗೂ ತೋರಿಸಿ ಸರಿಯೆನ್ನಿಸಿಕೊಂಡಿದ್ದಳು. ಖಾಲಿ ಕೈಯಲ್ಲಿ ಹೋಗಬಾರದೆಂದು ದಾರಿಯಲ್ಲಿ ಒಂದು ಡಬ್ಬ ಸೇಬು ಕೊಂಡರು. ಸಮುದ್ರ ಹತ್ತಿರವಾದಂತೆ ಈಶಾನ್ಯದ ಗಾಳಿ ಕಾರನ್ನು ಪಕ್ಕಕ್ಕೆ ತಳ್ಳತೊಡಗಿತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ಉದ್ದಕ್ಕೂ ಸಿಂಪಿಯ ಚಿಪ್ಪುಗಳ ಗುಡ್ಡೆ. ತಗಡಿನ ಮಾಡಿನ ಕೆಳಗೆ ಇಬ್ಬರು ಹೆಂಗಸರು ಪುಟ್ಟ ಸ್ಟೂಲಿನ ಮೇಲೆ ಕೂತು ಗಿಡ್ಡ ಚಾಕುವಿನಿಂದ ಚಿಪ್ಪು ಬಿಡಿಸಿ ಒಳಗಿನ ಸಿಂಪಿಯನ್ನು ಬಟ್ಟಲಿಗೆ ಹಾಕುತ್ತಿದ್ದರು. ಒಬ್ಬಳು ಹೂವಿನ ಬಟ್ಟೆ ಸುತ್ತಿದ ಟೊಪ್ಪಿಯ ಮುದುಕಿ. ಇನ್ನೊಬ್ಬಳು ಪೇಯ್-ನಿಂಗ್‌ಳನ್ನು ಕಂಡಕೂಡಲೇ ಕೈ ನಿಲ್ಲಿಸಿದಳು. ಅವಳೇ ಯಿ-ರುಂಗ್.

"ಯಾರು ಬೇಕಾಗಿತ್ತು?" ಅಂದಳು ಮುದುಕಿ.

"ಆಸ್ಪತ್ರೆಯಿಂದ ಬಂದಿದ್ದೀವಮ್ಮ."

"ಫೋನು ಇಟ್ಟೆ ಅಲ್ವ ನಾನು? ಇಟ್ಟ ಮ್ಯಾಲೆ ಮಾತು ಮುಗೀತು ಅಂತ ತಾನೇ? ಓದ್ದೋರಿಗೆ ಅಷ್ಟೂ ತಿಳಿಯಾಕಿಲ್ವ?"

"ತಿಳಿಯುತ್ತೆ. ತಪ್ಪು ನಮ್ಮ ಕಡೆಯಿಂದ ಆಗಿದೆ. ಅದನ್ನ ಹೇಳಿ ಹೋಗೋಕೆ ಬಂದ್ವಿ."

ಮುದುಕಿಯ ಚಾಕು ಚಿಪ್ಪಿನೊಳಗೇ ನಿಂತಿತು. ತಪ್ಪಾಯಿತೆನ್ನುವ ಡಾಕ್ಟರನ್ನು ಅವಳು ಅರವತ್ತೈದು ವರ್ಷದಲ್ಲಿ ಕಂಡಿರಲಿಲ್ಲವೇನೋ. ಆಮೇಲೆ ಕಾಲಿನಿಂದ ಒಂದು ಸ್ಟೂಲನ್ನು ಇವರ ಕಡೆ ತಳ್ಳಿದಳು.

"ತಪ್ಪು ನಿಮ್ದು ಅಂದ ಮ್ಯಾಲೆ ಕೂಸು ಕೆಟ್ಟೋಗೈತೆ ಅಂತ ತಾನೇ ಡಾಕ್ಟ್ರಮ್ಮ?"

"ಇಲ್ಲ. ಕೇಳದೆ ಸ್ಕ್ಯಾನ್ ಮಾಡಿದ್ದು ತಪ್ಪು. ಆದರೆ ಅದರಿಂದ ಮಗು ಕೆಡಲ್ಲ. ಎಷ್ಟು ವಿಕಿರಣ ಬಿದ್ದರೆ ಮಗುವಿಗೆ ಊನ ಆಗಬಹುದು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಇವರಿಗೆ ಬಿದ್ದಿರೋದು ಅದರಲ್ಲಿ ಆರನೇ ಒಂದು ಪಾಲು. ಯಾವ ಸ್ಕ್ಯಾನೂ ಮಾಡಿಸದ ನೂರು ತಾಯಂದಿರಲ್ಲೂ ಮೂರು ಜನಕ್ಕೆ ಏನಾದರೊಂದು ಊನ ಇರೋ ಮಗು ಹುಟ್ಟುತ್ತೆ. ಇವರಿಗೂ ಅಷ್ಟೇ, ಆ ಮೂರೇ. ಮುಂದೆ ಕ್ಯಾನ್ಸರ್ ಬರೋ ಸಾಧ್ಯತೆ ಮಾತ್ರ ಒಂದಿಷ್ಟು ಹೆಚ್ಚು, ಸಾವಿರಕ್ಕೆ ಒಂದು ಅಂತ ಇಟ್ಕೊಳ್ಳಿ. ಅದನ್ನೂ ಮುಚ್ಚಿಡಲ್ಲ."

"ಮೂರು ಬೆರಳಿನ ಕೂಸು ಹುಟ್ಟಿದ್ರೆ ನೀವು ಬಂದು ಸಾಕ್ತೀರಾ?"

"ಅತ್ತೆ," ಅಂದಳು ಯಿ-ರುಂಗ್, ತಗ್ಗಿದ ದನಿಯಲ್ಲಿ.

"ಸುಮ್ಕಿರು ನೀನು. ನಾನು ಯಾರಿಗೋಸ್ಕರ ಮಾತಾಡ್ತಿವ್ನಿ? ನಾಲ್ಕು ವರ್ಷ ಆಯ್ತು ಡಾಕ್ಟ್ರಮ್ಮ ಇವರ ಮದುವೆ ಆಗಿ. ನನಗೇನು ಮೊಮ್ಮಗು ಬ್ಯಾಡ್ವ? ಆದರೆ ಊನದ ಕೂಸು ಸಾಕೋ ಕಷ್ಟ ನಿಮಗೇನು ಗೊತ್ತು? ನನ್ನ ತಂಗಿಗಿತ್ತು ಒಂದು. ಹದಿನೆಂಟು ವರ್ಷ ಅವಳು ಅಂಗಳ ದಾಟಲಿಲ್ಲ."

ಗಾಳಿಗೆ ತಗಡು ಬಡಿದುಕೊಳ್ಳುತ್ತಿತ್ತು. ಬಾಗಿಲ ಬಳಿ ರಬ್ಬರ್ ಬೂಟು ಕಳಚುತ್ತ ಒಬ್ಬ ಗಂಡಸು ಇಷ್ಟೂ ಹೊತ್ತು ಕೇಳಿಸಿಕೊಂಡು ನಿಂತಿದ್ದ. ಯಿ-ರುಂಗ್‌ಳ ಗಂಡ ಆ-ಶಿಯಾಂಗ್. ಬಿಸಿಲಿಗೆ ಕಪ್ಪಿಟ್ಟ ಮುಖ, ಮಾತಾಡಿ ರೂಢಿ ಇಲ್ಲದ ಬಾಯಿ.

"ಡಾಕ್ಟ್ರೇ," ಅಂದ ಅವನು. "ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡಿ. ನೀವೇ ಆಗಿದ್ರೆ ಏನು ಮಾಡ್ತಿದ್ರಿ?"

ರೋಗಿಗಳು ಎಲ್ಲ ಡಾಕ್ಟರಿಗೂ ಕೇಳುವ ಪ್ರಶ್ನೆ ಇದು. ಇದಕ್ಕೆ ಏನು ಹೇಳಬೇಕೆಂದು ಅವಳೇ ಹುಡುಗರಿಗೆ ಕಲಿಸಿದ್ದಳು: ಅದು ನಿಮ್ಮ ತೀರ್ಮಾನ, ನಾವು ವಿಷಯ ಮಾತ್ರ ಹೇಳಬಹುದು. ಆ ಮಾತು ನಾಲಿಗೆಯ ತುದಿಗೂ ಬಂತು.

"ನಾನು ತೆಗೆಸಿಬಿಟ್ಟೆ," ಅಂದಳು.

ಪೇಯ್-ನಿಂಗ್ ತಿರುಗಿ ನೋಡಿದಳು. ಮುದುಕಿ ಟೊಪ್ಪಿಯ ಬಟ್ಟೆಯನ್ನು ಬಾಯಿಂದ ಕೆಳಗಿಳಿಸಿದಳು.

"ಇಪ್ಪತ್ನಾಲ್ಕು ವರ್ಷ ಆಯ್ತು. ಬಸುರಿ ಅಂತ ನನಗೂ ಗೊತ್ತಿಲ್ಲದೆ ಎಕ್ಸ್‌ರೇ ತೆಗೆದಿದ್ರು. ಏಳು ವಾರ ಆಗಿತ್ತು. ಏನೂ ಆಗಲ್ಲ ಅಂತ ನನಗೆ ಗೊತ್ತಿತ್ತು, ಲೆಕ್ಕ ಹಾಕಿ ನೋಡಿದ್ದೆ. ಆದರೂ ಎಲ್ಲರೂ ಹೇಳಿದ್ರು, ನನಗೂ ಹೆದರಿಕೆ. ಹೂಂ ಅಂದೆ. ನನ್ನ ಹಾಗೆ ಮಾಡಬೇಡಿ ಅಂತ ಹೇಳೋಕೆ ಬಂದಿಲ್ಲ ನಾನು. ನಿಮಗೆ ಮಗು ಬೇಡ ಅನ್ನಿಸಿದ್ರೆ ಅದು ಬೇರೆ ಮಾತು, ನಿಮ್ಮ ಮಾತು. ಆ ಫೋಟೋ ಒಂದನ್ನೇ ಕಾರಣ ಮಾಡ್ಕೋಬೇಡಿ. ಅಷ್ಟೇ ನಾನು ಹೇಳೋದು."

ಯಿ-ರುಂಗ್ ಕೈಗವಸು ಕಳಚಿದಳು. ಬೆರಳ ತುಂಬ ಚಿಪ್ಪು ಕೊರೆದ ಗೀರುಗಳು.

"ಆಮೇಲೆ ಮಕ್ಕಳು?"

"ಆಗಲಿಲ್ಲ."

"ಗಂಡೋ ಹೆಣ್ಣೋ ಗೊತ್ತಾಗಿತ್ತಾ?"

"ಅಷ್ಟು ಬೇಗ ಗೊತ್ತಾಗಲ್ಲ."

"ಹೆಸರು ಅಂದ್ಕೊಂಡಿದ್ರಾ?"

ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಕುವೊ-ತುಂಗ್ ಕೂಡ.

"ಶಿಯಾವ್-ಮಾನ್," ಅಂದಳು. ಗಾಳಿಯಲ್ಲಿ ಆ ಹೆಸರು ಯಾರದೋ ಅನ್ನುವಂತೆ ಕೇಳಿಸಿತು. ಮೇ ತಿಂಗಳ ಕೊನೆಗೆ, ತೆನೆಯಲ್ಲಿ ಕಾಳು ತುಂಬುತ್ತ ಬಂದು ಇನ್ನೂ ಬಲಿಯದೆ ಇರುವ ಹೊತ್ತಿಗೆ ಪಂಚಾಂಗದಲ್ಲಿರುವ ಹೆಸರು ಅದು. "ಗಂಡಾದರೂ ಹೆಣ್ಣಾದರೂ ನಡೆಯುತ್ತೆ ಅಂತ."

ಮುದುಕಿ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಯಿ-ರುಂಗ್ ಗಂಡನ ಕಡೆ ನೋಡಿದಳು, ಅವನು ಬೂಟಿನ ಕಡೆ ನೋಡಿದ.

"ಶನಿವಾರ ನಾನು ಹೋಗಲ್ಲ," ಅಂದಳು ಯಿ-ರುಂಗ್. ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ನನ್ನನ್ನ ಯಾರೂ ಕೇಳಲಿಲ್ಲ. ಅವತ್ತು ಆಸ್ಪತ್ರೇಲೂ ಕೇಳಲಿಲ್ಲ, ಮನೇಲೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಆ-ಶಿಯಾಂಗ್ ಬಂದು ಅವಳ ಬಟ್ಟಲನ್ನು ಎತ್ತಿ, ತುಂಬಿದ್ದ ಸಿಂಪಿಯನ್ನು ದೊಡ್ಡ ಬಕೀಟಿಗೆ ಸುರಿದು, ಅವಳ ಸ್ಟೂಲಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ಮುದುಕಿ ಹೊರಗೆ ಬಂದದ್ದು ಎರಡು ಬಟ್ಟಲು ಬಿಸಿ ಸಿಂಪಿ ಗಂಜಿಯೊಂದಿಗೆ. "ಕುಡೀರಿ. ಗಾಳೀಲಿ ಬಂದಿದೀರ," ಅಂದಳು. ಸೊಸೆಯ ಕಡೆ ತಿರುಗಿ, "ಕೂಗಬ್ಯಾಡ. ಕಿವಿ ಕೇಳಿಸ್ತದೆ ನನಗೆ. ಹುಟ್ಟೋ ಹೊತ್ತಿಗೆ ಹಂದಿ ವರ್ಷ ಬಿದ್ದಿರ್ತದೆ. ತಿಂಡಿಪೋತ ಆಯ್ತದೆ, ನೋಡ್ತಿರು," ಅಂದು ಚಾಕು ಕೈಗೆತ್ತಿಕೊಂಡಳು. ಅವಳ ಮುಖದಿಂದ ಹೆದರಿಕೆ ಹೋಗಿರಲಿಲ್ಲ.

ವಾಪಸು ಬರುವಾಗ ಪೇಯ್-ನಿಂಗ್, "ಮೇಡಂ, ನಡೆದಿದ್ದನ್ನೆಲ್ಲ ನಾನು ಆಸ್ಪತ್ರೆಗೆ ಬರೆದು ಕೊಡಬೇಕಾ?" ಅಂದಳು.

"ಬೇಕು. ನಿನ್ನದು ನೀನು ಬರಿ. ನನ್ನದು ನಾನು ಬರೀತೀನಿ."

"ಮೇಡಂ..."

"ಅಳೋದಿದ್ರೆ ಅತ್ತುಬಿಡು. ಕಾರಲ್ಲಿ ಯಾರೂ ಇಲ್ಲ."

ಇಬ್ಬರಲ್ಲಿ ಯಾರು ಮೊದಲು ಅತ್ತರೋ ಇಬ್ಬರಿಗೂ ಆಮೇಲೆ ನೆನಪಿರಲಿಲ್ಲ.

*

ಮುಂದಿನ ಗುರುವಾರ ಕ್ವಾನ್-ಯು ಕೈಗೆ ಬಂದ ಚೀಟಿಯಲ್ಲಿ ರೋಗಿಯ ಜೊತೆಗೆ ಒಂದು ಸ್ಕ್ಯಾನ್ ವರದಿಯೂ ಇತ್ತು. ಹೆಸರುಗಳನ್ನು ಅಳಿಸಲಾಗಿತ್ತು. ಅವನು ಓದಿ ಮೂಗು ಮುರಿದ. "ಇದನ್ನ ಯಾರು ಮೇಡಂ ಬರೆದಿದ್ದು? ಗುಳ್ಳೆ ಇದೆ ಅಂತಾರೆ, ಯಾಕಿದೆ ಅಂತ ಯೋಚನೇನೇ ಮಾಡಿಲ್ಲ. ಬಸುರಿಯಾ ಅಂತ ಒಂದು ಫೋನ್ ಮಾಡೋಕೂ ಆಗಲಿಲ್ವ? ನಿದ್ದೆಗಣ್ಣಲ್ಲಿ ಬರೆದಂಗಿದೆ."

"ನಾನೇ ಬರೆದಿದ್ದು."

ಆ ದಿನ ಯಾರೂ ನಗಲಿಲ್ಲ. ಅವಳು ನಡೆದದ್ದನ್ನೆಲ್ಲ, ತನ್ನ ಪಾಲಿನದನ್ನೂ, ಹೇಳಿದಳು. ತನ್ನ ಹಳೆಯ ಕಥೆಯೊಂದನ್ನು ಬಿಟ್ಟು. ಪೇಯ್-ನಿಂಗ್ ತಲೆ ತಗ್ಗಿಸದೆ ಕೇಳಿದಳು. ಒಂದು ತಿಂಗಳು ಮುಖ್ಯಸ್ಥರು ಶು-ಚಿನ್ ಜೊತೆ ಮಾತು ಬಿಟ್ಟರು. ಆದರೆ ಸ್ಕ್ಯಾನಿನ ಅರ್ಜಿ ಬದಲಾಯಿತು. 'ಗರ್ಭಿಣಿಯೇ?' ಎನ್ನುವ ಸಾಲಿನಲ್ಲಿ ಗುರುತು ಹಾಕಿದರೆ ಸಾಲುತ್ತಿರಲಿಲ್ಲ, ಮುಟ್ಟಿನ ದಿನಾಂಕ ಬರೆದು, ಮೂತ್ರ ಪರೀಕ್ಷೆಯ ಫಲಿತಾಂಶ ಬರೆದು, ಕೇಳಿದವರು ಹೆಸರು ಹಾಕಬೇಕಿತ್ತು. ತುರ್ತು ವಿಭಾಗದವರು ಒಂದಿಷ್ಟು ದಿನ ಗೊಣಗಿ ಆಮೇಲೆ ರೂಢಿ ಮಾಡಿಕೊಂಡರು.

ಹೊಸ ವರ್ಷದ ರಜೆ ಮುಗಿದು ಎರಡು ವಾರಕ್ಕೆ ಯಿ-ರುಂಗ್ ಐದನೇ ತಿಂಗಳ ಅಲ್ಟ್ರಾಸೌಂಡ್‌ಗೆ ಬಂದಳು. ಮನೆಗೆ ಬಂದಿದ್ದ ಆ ಡಾಕ್ಟರು ಜೊತೆಗಿದ್ದರೆ ಮಾತ್ರ ಮಲಗುತ್ತೇನೆ ಎಂದು ಹೆರಿಗೆ ವಿಭಾಗದವರಿಗೆ ಹೇಳಿದ್ದಳಂತೆ. ಶು-ಚಿನ್ ಬಿಳಿ ಕೋಟನ್ನು ನೆಲಮಾಳಿಗೆಯಲ್ಲೇ ಬಿಟ್ಟು, ಮಾಮೂಲಿ ಸ್ವೆಟರಿನಲ್ಲಿ ಮೂರನೇ ಮಹಡಿಗೆ ಹೋದಳು. ಮುದುಕಿ ಗೋಡೆಗೊರಗಿ, ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಆ-ಶಿಯಾಂಗ್ ಹೆಂಡತಿಯ ಚಪ್ಪಲಿ ಹಿಡಿದುಕೊಂಡಿದ್ದ.

ಪರೀಕ್ಷೆ ಮಾಡುತ್ತಿದ್ದವರು ಬೆನ್ನುಮೂಳೆ ನೋಡಿದರು, ಹೃದಯದ ನಾಲ್ಕು ಕೋಣೆ ನೋಡಿದರು, ಅಳತೆಗಳನ್ನು ಹೇಳುತ್ತ ಹೋದರು. "ಬೆರಳು?" ಅಂದಳು ಮುದುಕಿ. ಅವರು ಪುಟ್ಟ ಕೈಯನ್ನು ಹುಡುಕಿ ತೋರಿಸಿದರು. ಮುದುಕಿ ತುಟಿ ಅಲ್ಲಾಡಿಸುತ್ತ ಎಣಿಸಿ, ಇನ್ನೊಂದು ಕೈಯನ್ನೂ ತೋರಿಸಲು ಹೇಳಿದಳು.

ಶು-ಚಿನ್ ಇಪ್ಪತ್ತೈದು ವರ್ಷದಿಂದ ನೋಡಿದ್ದು ಮುಗಿದುಹೋದ ಚಿತ್ರಗಳನ್ನು. ಇದು ಅಲ್ಲಾಡುತ್ತಿತ್ತು.

"ಏನು ಕಾಣಿಸ್ತಿದೆ ಡಾಕ್ಟ್ರೇ?" ಅಂದಳು ಯಿ-ರುಂಗ್, ಕತ್ತೆತ್ತಲಾಗದೆ.

"ಆಕಳಿಸ್ತಿದೆ," ಅಂದಳು ಶು-ಚಿನ್.

ಎಲ್ಲ ಮುಗಿದು ಅವರು ಲಿಫ್ಟಿನಲ್ಲಿ ಇಳಿದು ಹೋದ ಮೇಲೆ ಅವಳು ಮೆಟ್ಟಿಲ ಕಡೆ ಹೊರಟಳು. ಬಾಗಿಲ ಹೊರಗೆ ಹಸಿರು ಬೆಂಚುಗಳ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಅವಳು ಅಲ್ಲೇ ನಿಂತು ಆ ಸಾಲನ್ನು ನೋಡಿದಳು. ತುಂಬು ಹೊಟ್ಟೆಯ ಒಬ್ಬಳು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿಕೊಟ್ಟಳು.

"ಕೂತ್ಕೊಳ್ಳಿ ಅಕ್ಕಾ. ನಿಮ್ಮ ನಂಬರ್ ಎಷ್ಟು?"

ಶು-ಚಿನ್ ಕೂತಳು. ಬಾಗಿಲ ಮೇಲಿನ ಸರದಿ ಫಲಕದಲ್ಲಿ ಕೆಂಪು ಅಂಕ ಇಪ್ಪತ್ತೇಳು ಎಂದು ತೋರಿಸುತ್ತಿತ್ತು.

"ಇನ್ನೂ ದೂರ ಇದೆ," ಅಂದಳು.

ಫಲಕ ಗಂಟೆ ಬಾರಿಸಿ ಇಪ್ಪತ್ತೆಂಟಾಯಿತು. ಎದುರಿನ ಸಾಲಿನಲ್ಲಿ ಒಬ್ಬಳು ಬೆಂಚಿನ ಹಿಡಿ ಹಿಡಿದು ನಿಧಾನವಾಗಿ ಎದ್ದಳು.